ಮೈ ಬೆಳೆಸುವ ಮಾತಿಗೂ ತಕ್ಕಡಿ ಬೇಕು

(ಗಿರಣಿ ಕೇರಿಯ ಗರಡಿಮನೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಗರಡಿಮನೆಯ ಸಭೆಗೆ ಪಕ್ಷದ ಕೆಲಸ ಮಾಡುವವನನ್ನು ಕರೆದಿದ್ದೀರಿ. ಕುಸ್ತಿಯ ಪಟ್ಟು ಹೇಳಿಕೊಡುವ ಯೋಗ್ಯತೆ ನನಗಿಲ್ಲ; ಅದಕ್ಕೆ ಉಸ್ತಾದರು ಇಲ್ಲಿಯೇ ಕುಳಿತಿದ್ದಾರೆ. ನಾನು ಹಿಂದೆ ಶಾಲೆಯಲ್ಲಿ ಮೇಷ್ಟರಾಗಿದ್ದವನು, ಮಕ್ಕಳಿಗೆ ಕೂಡುವುದು ಕಳೆಯುವುದು ಹೇಳಿಕೊಟ್ಟವನು. ಆದುದರಿಂದ ಇವತ್ತು ಮಾತನಾಡುವುದು ಮೈಯ ವಿಷಯವೇ ಆದರೂ, ನಾನು ಹೇಳುವುದು ಅದರ ಲೆಕ್ಕದ ಭಾಗವನ್ನು ಮಾತ್ರ.

ಈ ಲೆಕ್ಕ ಯಾತಕ್ಕೆ ಬೇಕಾಯಿತು? ಸಂಬಳದ ದಿನ ಸಂಜೆ ನಮ್ಮ ಹುಡುಗರು ಏನು ಕೊಳ್ಳುತ್ತಾರೆಂದು ನೋಡಿ. ಒಬ್ಬನ ಕೈಯಲ್ಲಿ ಮೈ ಬೆಳೆಸುವ ಪುಡಿಯ ಡಬ್ಬಿ. ಇನ್ನೊಬ್ಬನ ಸೊಂಟಕ್ಕೆ ಹೊಟ್ಟೆ ಕರಗಿಸುವ ಬೆಲ್ಟು. ಮತ್ತೊಬ್ಬನಿಗೆ ಬೆವರು ಸುರಿಸುವ ಪ್ಲಾಸ್ಟಿಕ್ ಅಂಗಿ. ಮೊಬೈಲ್ ತೆರೆದರೆ ತೋಳು ಉಬ್ಬಿಸಿಕೊಂಡವನೊಬ್ಬ ನಿಂತು, "ಮೂರೇ ತಿಂಗಳಲ್ಲಿ ನನ್ನಂತಾಗು" ಎನ್ನುತ್ತಾನೆ. ಇತ್ತ ಮಿಲ್ಲಿನ ಒಳಗೆ, "ದಿನವೆಲ್ಲ ಮೈ ಬಗ್ಗಿಸಿ ದುಡಿಯುವವರಿಗೆ ಬೇರೆ ವ್ಯಾಯಾಮ ಯಾತಕ್ಕಯ್ಯಾ?" ಎನ್ನುವ ದೊಡ್ಡವರೂ ಇದ್ದಾರೆ. ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಪೂರಾ ಸುಳ್ಳು? ತಪ್ಪು ಮಾತನ್ನು ನಂಬಿದರೆ ಹೋಗುವುದು ಬರಿ ದುಡ್ಡಲ್ಲ. ಮೈಯೂ ಹೋಗುತ್ತದೆ, ಕೆಲವು ಸಲ ಜೀವವೂ ಹೋಗುತ್ತದೆ. ದುಡಿಯುವವನಿಗೆ ಇರುವ ಆಸ್ತಿ ಅದೊಂದೇ.

ನಮ್ಮ ಹಿರಿಯರು ಹೇಳಿದ್ದಾರೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು. ಪ್ರಮಾಣಿಸುವುದು ಹೇಗೆ ಎಂಬುದೇ ನನ್ನ ಮಾತಿನ ವಿಷಯ.

ಅಂಗಡಿಬೀದಿಯ ಮಿತ್ರರನ್ನು ಒಂದು ಪ್ರಶ್ನೆ ಕೇಳುತ್ತೇನೆ. ತಕ್ಕಡಿಗೆ ಎರಡು ತಟ್ಟೆ ಏಕೆ? ಒಂದೇ ತಟ್ಟೆಯ ಮೇಲೆ ಬೆಲ್ಲ ಇಟ್ಟು "ಇದು ಐದು ಕಿಲೋ" ಎಂದರೆ ಗಿರಾಕಿ ಒಪ್ಪುತ್ತಾನೆಯೇ? ಆ ಕಡೆಯ ತಟ್ಟೆಯಲ್ಲಿ ತೂಕದ ಕಲ್ಲು ಬೇಕು, ಕಲ್ಲಿಗೆ ಸರ್ಕಾರದ ಮುದ್ರೆ ಬೇಕು. ಮಿಲ್ಲಿನ ಬಂಧುಗಳನ್ನೂ ಕೇಳುತ್ತೇನೆ. ಹೊಸ ಹತ್ತಿಯ ಮಿಶ್ರಣ ಬಂದರೆ ಅದರ ಗುಣ ತಿಳಿಯುವುದು ಹೇಗೆ? ಒಂದೇ ನಂಬರಿನ ನೂಲನ್ನು, ಒಂದೇ ಬಗೆಯ ಯಂತ್ರದಲ್ಲಿ, ಒಂದೇ ಪಾಳಿಯಲ್ಲಿ, ಹಳೆಯ ಮಿಶ್ರಣದಿಂದಲೂ ಹೊಸದರಿಂದಲೂ ತೆಗೆದು, ಎಳೆ ಎಷ್ಟು ಸಲ ಹರಿಯಿತೆಂದು ಎಣಿಸಬೇಕು. ಹೊಸ ಹತ್ತಿಯನ್ನು ಹೊಸ ಯಂತ್ರಕ್ಕೂ ಹಳೆಯ ಹತ್ತಿಯನ್ನು ಸವೆದ ಯಂತ್ರಕ್ಕೂ ಹಾಕಿ ಹೋಲಿಸಿದರೆ ಅದು ಲೆಕ್ಕವಲ್ಲ, ಮೋಸ. ಮೈಯ ವಿಷಯದಲ್ಲಿಯೂ ಇದಕ್ಕಿಂತ ಹೆಚ್ಚಿನ ವಿದ್ಯೆ ಬೇಕಿಲ್ಲ. ಯಾರು ಏನೇ ಹೇಳಲಿ, "ಆ ಕಡೆಯ ತಟ್ಟೆಯಲ್ಲಿ ಏನಿದೆ?" ಎಂದು ಕೇಳಬೇಕು.

ಗರಡಿಯ ಗೋಡೆಯನ್ನೇ ನೋಡಿ. ಅಲ್ಲಿ ಗೆದ್ದವರ ಪಟಗಳಿವೆ, ಹಾರ ಹಾಕಿದ್ದೀರಿ, ಸಂತೋಷ. ಆದರೆ ಅದೇ ಸಾಮು ಮಾಡಿ, ಅದೇ ಹಾಲು ಕುಡಿದು, ಬೆನ್ನು ಹಿಡಿದು ಗರಡಿ ಬಿಟ್ಟು ಹೋದವನ ಪಟ ಅಲ್ಲಿ ಇಲ್ಲ. ಗಾಮಾ ಪೈಲ್ವಾನರ ಹೆಸರು ಯಾರಿಗೆ ಗೊತ್ತಿಲ್ಲ? 1928ರಲ್ಲಿ ಪಟಿಯಾಲದಲ್ಲಿ ಜ್ಬಿಸ್ಕೋ ಎಂಬ ಯುರೋಪಿನ ಮಲ್ಲನನ್ನು ಒಂದು ನಿಮಿಷ ತುಂಬುವ ಮೊದಲೇ ಕೆಡವಿದ ವೀರ. ಅವರು ಇಷ್ಟು ಹಾಲು ಕುಡಿದರು, ಇಷ್ಟು ಬಾದಾಮಿ ತಿಂದರು, ಇಷ್ಟು ಸಾವಿರ ಬಸ್ಕಿ ಹೊಡೆದರು ಎಂಬ ಕಥೆಗಳು ಊರೂರಿಗೂ ಬಂದಿವೆ. ಆ ಲೆಕ್ಕವೆಲ್ಲ ನಿಜವೆಂದೇ ಇಟ್ಟುಕೊಳ್ಳೋಣ. ಅಷ್ಟೇ ಹಾಲು ಕುಡಿದು ಗಾಮಾ ಆಗದವರು ಎಷ್ಟು ಮಂದಿ? ಆ ಸಂಖ್ಯೆಯನ್ನು ಯಾರೂ ಬರೆದಿಟ್ಟಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯ ಭಾರಕ್ಕೇ ಕೊಂಬೆ ಮುರಿಯಿತು ಎನ್ನಲಾಗುವುದಿಲ್ಲ. ಉಸ್ತಾದರ ಅನುಭವವನ್ನು ಹಗುರ ಮಾಡಲು ಈ ಮಾತು ಹೇಳುತ್ತಿಲ್ಲ. ಅನುಭವಕ್ಕೂ ಒಂದು ಪುಸ್ತಕ ಬೇಕು. ಗೆದ್ದವನ ಹೆಸರಿನ ಜೊತೆಗೆ ಬಿಟ್ಟು ಹೋದವನ ಹೆಸರನ್ನೂ ಬರೆದಿಡಬೇಕು.

ಸರಿಯಾಗಿ ತೂಗಿ ನೋಡಿದ ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ಜೆರ್ರಿ ಮಾರಿಸ್ ಎಂಬ ವೈದ್ಯ. 1910ರಲ್ಲಿ ಹುಟ್ಟಿ, ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋ ನಗರದಲ್ಲಿ ಬಡತನ ಕಂಡು ಬೆಳೆದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಹೃದಯಾಘಾತ ಹೆಚ್ಚುತ್ತಿತ್ತು, ಕಾರಣ ಯಾರಿಗೂ ಸ್ಪಷ್ಟವಿರಲಿಲ್ಲ. ಮಾರಿಸ್ ಹೋದದ್ದು ಶ್ರೀಮಂತರ ಬಂಗಲೆಗಲ್ಲ, ಲಂಡನ್ನಿನ ಬಸ್ ಡಿಪೋಗಳಿಗೆ. ಅಲ್ಲಿಯ ಬಸ್ಸುಗಳು ಎರಡು ಅಂತಸ್ತಿನವು. ಡ್ರೈವರ್ ಪಾಳಿಯ ಹತ್ತರಲ್ಲಿ ಒಂಬತ್ತು ಪಾಲು ಕೂತೇ ಇರುತ್ತಿದ್ದ. ಕಂಡಕ್ಟರ್ ಟಿಕೀಟು ಕೊಡುತ್ತ ಮೇಲೆ ಕೆಳಗೆ ಓಡಾಡಿ ದಿನಕ್ಕೆ ಸುಮಾರು 600 ಮೆಟ್ಟಿಲು ಹತ್ತುತ್ತಿದ್ದ. ಒಂದೇ ಊರು, ಒಂದೇ ಬಸ್ಸು, ಹೆಚ್ಚು ಕಡಿಮೆ ಒಂದೇ ಬಗೆಯ ಸಂಸಾರ. 35ರಿಂದ 64 ವರ್ಷದ ಸುಮಾರು 31,000 ಸಾರಿಗೆ ನೌಕರರ ಲೆಕ್ಕವನ್ನು 1949–50ರಲ್ಲಿ ಹಿಡಿದು ನೋಡಿದರು. ವರ್ಷಕ್ಕೆ ಸಾವಿರ ಡ್ರೈವರುಗಳಲ್ಲಿ 2.7 ಮಂದಿಗೆ ಹೃದ್ರೋಗ ಬಂದರೆ ಕಂಡಕ್ಟರುಗಳಲ್ಲಿ 1.9 ಮಂದಿಗೆ. ಬಂದ ಕಾಯಿಲೆಯೂ ಕಂಡಕ್ಟರಿಗೆ ಅಷ್ಟು ಉಗ್ರವಾಗಿರಲಿಲ್ಲ. 1953ರಲ್ಲಿ ಇದು ಅಚ್ಚಾಯಿತು. ಮೈ ಆಡಿಸುವುದಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಲೆಕ್ಕದಲ್ಲಿ ತೋರಿಸಿದ ಮೊದಲ ದೊಡ್ಡ ಕೆಲಸ ಇದು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಡಂಗುರ ಹೊಡೆಸಿ ಮೆಟ್ಟಿಲು ಮಾರುವ ಅಂಗಡಿ ತೆರೆಯುತ್ತಿದ್ದರು. ಮಾರಿಸ್ ತಮ್ಮ ಮಾತನ್ನೇ ಅನುಮಾನಿಸಿದರು. ಡ್ರೈವರ್ ಕೂತದ್ದರಿಂದ ಕಾಯಿಲೆ ಬಿದ್ದನೋ, ಅಥವಾ ಮೊದಲೇ ಸ್ಥೂಲವಾಗಿದ್ದವನು ಕೂರುವ ಕೆಲಸ ಹಿಡಿದನೋ? ಇದನ್ನು ತಿಳಿಯಲು ಅವರು ಮತ್ತು ಅವರ ಜೊತೆಗಾರರು ನೋಡಿದ್ದು ಏನನ್ನು ಗೊತ್ತೇ? ಕಂಪೆನಿ ಹೊಲಿಸಿಕೊಡುವ ಸಮವಸ್ತ್ರದ ಲೆಕ್ಕಪುಸ್ತಕವನ್ನು! ಷರಾಯಿಯ ಸೊಂಟದ ಅಳತೆ ಅದರಲ್ಲಿತ್ತು. ನೋಡಿದರೆ, ಡ್ರೈವರುಗಳ ಸೊಂಟ ಎಳೆಯ ವಯಸ್ಸಿನಲ್ಲಿಯೇ ಕಂಡಕ್ಟರುಗಳದಕ್ಕಿಂತ ದಪ್ಪ. ಅಂದರೆ ತಕ್ಕಡಿಯ ಎರಡು ತಟ್ಟೆ ಮೊದಲಿನಿಂದಲೇ ಪೂರಾ ಸಮವಾಗಿರಲಿಲ್ಲ. ಇದನ್ನು ಅವರು ಬಚ್ಚಿಡಲಿಲ್ಲ. 1956ರಲ್ಲಿ ತಾವೇ ಅಚ್ಚು ಹಾಕಿಸಿದರು.

ಅನಂತರ ಇನ್ನೂ ಸಮವಾದ ತಕ್ಕಡಿ ಹುಡುಕಿದರು. ಸರ್ಕಾರಿ ಕಚೇರಿಯ ಸುಮಾರು 17,000 ಅಧಿಕಾರಿಗಳನ್ನು ಹಿಡಿದರು. ಎಲ್ಲರೂ ಮೇಜಿನ ಮುಂದೆ ಕೂರುವವರೇ, ಎಲ್ಲರಿಗೂ ಒಂದೇ ಬಗೆಯ ಉದ್ಯೋಗ. ಬಿಡುವಿನ ವೇಳೆಯಲ್ಲಿ ಯಾರು ಏನು ಮಾಡುತ್ತಾರೆಂದು ಬರೆಸಿಕೊಂಡರು. ಬಿರುಸಾಗಿ ಮೈ ದಂಡಿಸುತ್ತಿದ್ದವರಿಗೆ ಹೃದ್ರೋಗದ ಅಪಾಯ ಉಳಿದವರ ಮೂರನೆಯ ಒಂದು ಪಾಲಿನಷ್ಟು ಎಂದು 1973ರಲ್ಲಿ ಕಂಡಿತು. ಇಪ್ಪತ್ತು ವರ್ಷ ತನ್ನ ಮಾತನ್ನು ತಾನೇ ತಟ್ಟಿ ನೋಡಿ, ಆಮೇಲೆ ನಿಂತ ಮಾತು ಇದು. ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಇಲ್ಲಿಯೂ ಒಂದು ಅನುಮಾನ ಉಳಿಯುತ್ತದೆ. ವ್ಯಾಯಾಮ ಮಾಡಿದವನು ತಾನಾಗಿ ಮಾಡಿದವನು. ಅವನು ಮೊದಲೇ ಗಟ್ಟಿಗನಾಗಿರಬಹುದು. ಇದಕ್ಕೆ ಪರಿಹಾರ ಚೀಟಿ ಎತ್ತುವುದು. ಒಂದು ಉದಾಹರಣೆ ಕೊಡುತ್ತೇನೆ. ಓಡುವ ಮೊದಲು ಕಾಲಿನ ನರ ಎಳೆದು ಬಿಟ್ಟರೆ ಪೆಟ್ಟಾಗುವುದಿಲ್ಲ ಎಂದು ಎಲ್ಲ ಮೈದಾನಗಳಲ್ಲಿಯೂ ಹೇಳುತ್ತಾರೆ. ಆಸ್ಟ್ರೇಲಿಯಾದ ಸೈನ್ಯದಲ್ಲಿ ಹೊಸದಾಗಿ ಸೇರಿದ 1,538 ಯುವಕರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರು ಪ್ರತಿ ಸಲ ಮೈ ಬಿಸಿ ಮಾಡಿಕೊಳ್ಳುವಾಗ ಕಾಲು ಎಳೆದುಕೊಂಡರು, ಇನ್ನೊಂದು ಪಾಲಿನವರು ಎಳೆದುಕೊಳ್ಳಲಿಲ್ಲ. ಹನ್ನೆರಡು ವಾರದ ತಾಲೀಮು ಮುಗಿದ ಮೇಲೆ ಎಣಿಸಿದರೆ ಕಾಲಿನ ಪೆಟ್ಟುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. 2000ದಲ್ಲಿ ಅಚ್ಚಾದ ಲೆಕ್ಕ ಇದು. ನರ ಎಳೆಯುವುದು ಕೆಟ್ಟದೆಂದು ಇದರ ಅರ್ಥವಲ್ಲ, ಹಿತವಾದರೆ ಮಾಡಿರಿ. ಆದರೆ ಅದೊಂದನ್ನೇ ನಂಬಿ, ನಿನ್ನೆಯವರೆಗೆ ಓಡದವನು ಇವತ್ತು ಹತ್ತು ಮೈಲಿ ಓಡಬಾರದು.

ತಾಯಂದಿರಿಗೆ ಒಂದು ಮಾತು. ದಿನಕ್ಕೆ 10,000 ಹೆಜ್ಜೆ ಹಾಕದಿದ್ದರೆ ಪ್ರಯೋಜನವಿಲ್ಲ ಎಂಬ ಮಾತು ಮನೆಮನೆಗೆ ಬಂದಿದೆ. ಆ ಸಂಖ್ಯೆ ವೈದ್ಯರ ಪರೀಕ್ಷೆಯಿಂದ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪೆನಿ ಹೆಜ್ಜೆ ಎಣಿಸುವ ಯಂತ್ರ ಮಾರಿತು. ಆ ಯಂತ್ರದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು. ಹೆಸರು ಹೋಗಿ ನಿಯಮವಾಯಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷದ 16,741 ಹೆಂಗಸರ ಹೆಜ್ಜೆಗಳನ್ನು ಎಣಿಸಿ ನೋಡಿದ ಲೆಕ್ಕ ಹೊರಬಂತು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವು ಕಡಿಮೆ ಇತ್ತು. 7,500ರ ಹತ್ತಿರಕ್ಕೆ ಬಂದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಕಾಯಿಲೆಯವರು ನಡೆಯಲಾರದೆ ಕಡಿಮೆ ನಡೆದಿರಬಹುದೆಂಬ ಅನುಮಾನ ಇಲ್ಲಿಯೂ ಉಂಟು. ಆದರೂ ಹತ್ತು ಸಾವಿರ ಆಗಲಿಲ್ಲವೆಂದು ಸುಮ್ಮನೆ ಕೂರುವುದಕ್ಕೆ ಕಾರಣವಿಲ್ಲ ಎಂಬುದಂತೂ ಸ್ಪಷ್ಟ.

ಈಗ ಡಬ್ಬಿಯ ವಿಷಯಕ್ಕೆ ಬರೋಣ. ಡಬ್ಬಿಯಲ್ಲಿ ಇರುವುದು ಸಸಾರಜನಕ. ನೀವು ಈಗ ಪ್ರೋಟೀನು ಎನ್ನುವುದು ಅದನ್ನೇ. ಸ್ನಾಯು ಕಟ್ಟಲು ಅದು ಬೇಕು, ಸಂದೇಹವಿಲ್ಲ. ಆದರೆ ಎಷ್ಟು? 19ನೇ ಶತಮಾನದಲ್ಲಿ ಜರ್ಮನಿಯ ದೊಡ್ಡ ರಸಾಯನ ವಿಜ್ಞಾನಿ ಲೀಬಿಗ್, ಸ್ನಾಯು ದುಡಿಯುವಾಗ ಸಸಾರಜನಕವನ್ನೇ ಉರಿಸುತ್ತದೆ ಎಂದು ಹೇಳಿದ್ದರು. ಮಾಂಸದ ಸಾರವನ್ನು ಮಾರುವ ಕಂಪೆನಿಯೊಂದು ಅವರ ಹೆಸರಿನಲ್ಲಿಯೇ ನಡೆಯುತ್ತಿತ್ತು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನುಸ್ ಎಂಬ ಇಬ್ಬರು ಈ ಮಾತನ್ನು ಪರೀಕ್ಷಿಸಲು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ಹಿಂದಿನ ದಿನದಿಂದ ಸಸಾರಜನಕವಿರುವ ಏನನ್ನೂ ತಿನ್ನದೆ, ಪಿಷ್ಟದ ರೊಟ್ಟಿ, ಸಕ್ಕರೆ ಹಾಕಿದ ಚಹದಂಥವುಗಳ ಮೇಲೆಯೇ 1,956 ಮೀಟರ್ ಏರಿದರು. ಮೂತ್ರವನ್ನು ಶೇಖರಿಸಿ ಅದರಲ್ಲಿಯ ಸಾರಜನಕ ಅಳೆದರು. ಮೈಯಲ್ಲಿ ಉರಿದ ಸಸಾರಜನಕದ ಶಕ್ತಿಯೆಲ್ಲ ಸೇರಿದರೂ ಅವರ ಮೈಯನ್ನು ಆ ಎತ್ತರಕ್ಕೆ ಏರಿಸಲು ಸಾಲದು ಎಂದು ಲೆಕ್ಕ ತೋರಿಸಿತು. ದುಡಿಮೆಗೆ ಮುಖ್ಯವಾದ ಸೌದೆ ಪಿಷ್ಟ ಮತ್ತು ಕೊಬ್ಬು. ಅಂದರೆ ನಮ್ಮ ಮುದ್ದೆ, ರೊಟ್ಟಿ, ಅನ್ನ, ಎಣ್ಣೆ. ದೊಡ್ಡವರ ಮಾತು ದೊಡ್ಡವರದೆಂಬ ಕಾರಣಕ್ಕೆ ನಿಲ್ಲುವುದಿಲ್ಲ.

ಇನ್ನು ಸ್ನಾಯು ಬೆಳೆಸುವ ಲೆಕ್ಕ. ಭಾರತದ ಪೋಷಣ ಸಂಸ್ಥೆ 2020ರಲ್ಲಿ ಹೇಳಿದಂತೆ ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಸಸಾರಜನಕ ಸಾಕು. ಭಾರ ಎತ್ತುವವರ ಮೇಲೆ ನಡೆದ 49 ಪ್ರಯೋಗಗಳನ್ನು ಒಟ್ಟು ಹಾಕಿ 2018ರಲ್ಲಿ ನೋಡಿದಾಗ, ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚು ತಿಂದರೂ ಸ್ನಾಯು ಹೆಚ್ಚುವುದು ಕಾಣಲಿಲ್ಲ. 60 ಕಿಲೋ ತೂಗುವ ಹುಡುಗನಿಗೆ ಅದು ಸುಮಾರು 96 ಗ್ರಾಂ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ, ನೂರು ಗ್ರಾಂ ಹುರುಳಿಯಲ್ಲಿ 20ಕ್ಕೆ ಮೇಲೆ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಡಬ್ಬಿಯ ಬೆಲೆಯನ್ನು ಒಂದು ಕಡೆ, ಇವುಗಳ ಬೆಲೆಯನ್ನು ಇನ್ನೊಂದು ಕಡೆ ಬರೆದು, ಒಂದು ಗ್ರಾಂ ಸಸಾರಜನಕಕ್ಕೆ ಎಷ್ಟು ಬಿತ್ತೆಂದು ಭಾಗಿಸಿ ನೋಡಿ. ಇದು ನಾಲ್ಕನೆಯ ತರಗತಿಯ ಲೆಕ್ಕ.

ಡಬ್ಬಿಯ ಮೇಲೆ ಬರೆದದ್ದು ಒಳಗೆ ಇರುತ್ತದೆಯೇ? ನಮ್ಮ ದೇಶದಲ್ಲಿ ಮಾರುವ 36 ಬಗೆಯ ಇಂಥ ಪುಡಿಗಳನ್ನು ಪರೀಕ್ಷಿಸಿದ ವರದಿ 2024ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನೂರಕ್ಕೆ ಸುಮಾರು 70ರಲ್ಲಿ ಸಸಾರಜನಕದ ಲೆಕ್ಕ ಬರೆದದ್ದಕ್ಕೆ ಸರಿಹೊಂದಲಿಲ್ಲ. ಕೆಲವದರಲ್ಲಿ ಹೇಳಿದ ಅರ್ಧ ಮಾತ್ರ ಇತ್ತು. ನೂರಕ್ಕೆ 14ರಷ್ಟರಲ್ಲಿ ಬೂಷ್ಟಿನ ವಿಷ ಸಿಕ್ಕಿತು. ಬೆಳ್ಳಗಿರುವುದೆಲ್ಲ ಹಾಲಲ್ಲ! ಅಂಗಡಿಯವನು ನೂರು ಗ್ರಾಂ ಕಡಿಮೆ ತೂಗಿದರೆ ಬೀದಿ ಸೇರಿಸುವ ನಾವು ಈ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ತರುತ್ತೇವೆ.

"ಇಲ್ಲ ಸಾರ್, ನನಗೆ ಅನುಭವವೇ ಆಗಿದೆ, ಡಬ್ಬಿ ಮುಗಿಯುವಷ್ಟರಲ್ಲಿ ಹೆಚ್ಚು ಭಾರ ಎತ್ತಿದೆ" ಎಂದು ಹುಡುಗರು ಹೇಳುತ್ತಾರೆ. ಸುಳ್ಳು ಹೇಳುತ್ತಿಲ್ಲ, ಎತ್ತಿರುತ್ತಾರೆ. ಆದರೆ ಆ ತಿಂಗಳು ಡಬ್ಬಿಗೆ ದುಡ್ಡು ಹಾಕಿದ್ದಕ್ಕಾಗಿ ಒಂದು ದಿನವೂ ತಪ್ಪಿಸದೆ ಬಂದು ಸಾಮು ಮಾಡಿದ್ದೂ ಉಂಟಲ್ಲವೇ? 1972ರಲ್ಲಿ ಅಮೆರಿಕದಲ್ಲಿ ಭಾರ ಎತ್ತುವ ಕೆಲವರಿಗೆ ಶಕ್ತಿಯ ಔಷಧಿ ಎಂದು ಹೇಳಿ ಬರಿ ಹುಸಿ ಗುಳಿಗೆ ಕೊಟ್ಟರು. ಅವರು ಮೊದಲಿಗಿಂತ ಬೇಗ ಬೇಗ ಹೆಚ್ಚು ಎತ್ತಿದರು! ಇದು ಕೆಲವೇ ಮಂದಿಯ ಮೇಲೆ ನಡೆದ ಸಣ್ಣ ಪ್ರಯೋಗ, ಇದರ ಮೇಲೆ ದೊಡ್ಡ ಮಹಡಿ ಕಟ್ಟಬಾರದು. ಆದರೂ ನಂಬಿಕೆ ತೋಳಿಗೆ ಬಲ ಕೊಡುತ್ತದೆ, ಆ ಬಲದ ಹೆಸರನ್ನು ಡಬ್ಬಿ ಹೊಡೆದುಕೊಳ್ಳುತ್ತದೆ ಎಂಬುದನ್ನು ತೋರಿಸುತ್ತದೆ.

ಸಂಶಯ ಪಡುವುದೆಂದರೆ ಎಲ್ಲಕ್ಕೂ ಇಲ್ಲ ಎನ್ನುವುದಲ್ಲ. ಕ್ರಿಯಾಟಿನ್ ಎಂಬ ವಸ್ತುವನ್ನು ಅನೇಕ ಸಲ ಚೀಟಿ ಎತ್ತಿ ಪರೀಕ್ಷಿಸಿದ್ದಾರೆ. ಸ್ವಲ್ಪ ಹೊತ್ತಿನ ಬಿರುಸು ಕೆಲಸದಲ್ಲಿ ಅದು ಅಷ್ಟಿಷ್ಟು ಸಹಾಯ ಮಾಡುವುದು ನಿಜವೆಂದು ಕಂಡಿದೆ. ಕಾಫಿಯಲ್ಲಿರುವ ಕೆಫೀನೂ ಹಾಗೆಯೇ. ಪರೀಕ್ಷೆಯಲ್ಲಿ ಪಾಸಾದದ್ದನ್ನು ಪಾಸೆಂದೇ ಬರೆಯಬೇಕು, ಮೇಷ್ಟರ ಧರ್ಮ ಅದು. ಆದರೆ ಪಾಸಾದ ಇಂಥ ವಸ್ತುಗಳ ಪಟ್ಟಿ ಬಹಳ ಚಿಕ್ಕದು, ಮಾರುವ ವಸ್ತುಗಳ ಪಟ್ಟಿ ಬಹಳ ಉದ್ದ.

ಬೆಲ್ಟಿನ ಮಾತು ಮುಗಿಸುತ್ತೇನೆ. ಹೊಟ್ಟೆಯನ್ನು ಅಲುಗಿಸಿದರೆ ಹೊಟ್ಟೆಯದೇ ಕೊಬ್ಬು ಕರಗುತ್ತದೆ ಎನ್ನುತ್ತಾರೆ. ಹಾಗಿದ್ದರೆ ಟೆನಿಸ್ ಆಡುವವನು ವರ್ಷಗಟ್ಟಲೆ ಒಂದೇ ಕೈಯಿಂದ ಆಡುತ್ತಾನೆ, ಆ ಕೈಯ ಕೊಬ್ಬು ತೆಳ್ಳಗಾಗಿರಬೇಕು. 1971ರಲ್ಲಿ ಅಳೆದು ನೋಡಿದರು. ಆಡುವ ಕೈಯ ಸ್ನಾಯು ದಪ್ಪವಿತ್ತು. ಚರ್ಮದ ಕೆಳಗಿನ ಕೊಬ್ಬು ಮಾತ್ರ ಎರಡು ಕೈಯಲ್ಲಿಯೂ ಒಂದೇ. ಕೊಬ್ಬು ಇಡೀ ಮೈಯ ಜಂಟಿ ಖಾತೆ. ಒಂದು ಮೂಲೆಯಿಂದ ಮಾತ್ರ ತೆಗೆಯಲು ಬರುವುದಿಲ್ಲ.

ಪ್ಲಾಸ್ಟಿಕ್ ಅಂಗಿಯ ವಿಷಯ ಮಾತ್ರ ನಗುವುದಲ್ಲ. ಅದನ್ನು ತೊಟ್ಟು ಓಡಿದರೆ ತೂಕ ಇಳಿಯುವುದು ನಿಜ, ಆದರೆ ಇಳಿದದ್ದು ನೀರು. ಎರಡು ಚೊಂಬು ನೀರು ಕುಡಿದರೆ ಬಹುಪಾಲು ತಿರುಗಿ ಬಂತು. 1997ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ, ಐದು ವಾರದೊಳಗೆ, ಅಮೆರಿಕದ ಕಾಲೇಜುಗಳ ಮೂವರು ಕುಸ್ತಿ ಹುಡುಗರು ತೂಕ ಇಳಿಸುವ ಪ್ರಯತ್ನದಲ್ಲಿಯೇ ಸತ್ತರು. ಬೆವರು ಆರದ ಅಂಗಿ ತೊಟ್ಟು, ಬಿಸಿ ಕೋಣೆಯಲ್ಲಿ ಮೈ ದಂಡಿಸುತ್ತಿದ್ದರು, ನೀರು ಬಿಟ್ಟಿದ್ದರು. ಆ ಮೇಲೆ ಅಲ್ಲಿಯ ಕಾಲೇಜು ಕ್ರೀಡಾ ಸಂಘ ಅಂಥ ಅಂಗಿಯನ್ನೂ ಬಿಸಿ ಕೋಣೆಯನ್ನೂ ನಿಷೇಧಿಸಿತು. ತೂಕದ ಒತ್ತಡ ಎಂಥದು ಎಂಬುದನ್ನು 2024ರಲ್ಲಿ ಪ್ಯಾರಿಸ್ಸಿನಲ್ಲಿ ನಮ್ಮ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಅಂತಿಮ ಕುಸ್ತಿಯಿಂದ ಹೊರಬಿದ್ದಾಗ ದೇಶವೇ ನೋಡಿತು. ಉಸ್ತಾದರಲ್ಲಿ ನನ್ನ ವಿನಂತಿ ಇಷ್ಟೇ: ಈ ಗರಡಿಯಲ್ಲಿ ಯಾವ ಹುಡುಗನಿಗೂ ನೀರು ಬಿಡಿಸಿ, ಪ್ಲಾಸ್ಟಿಕ್ ತೊಡಿಸಿ ತೂಕ ಇಳಿಸಬೇಡಿ. ಮೇಲಿನ ತೂಕದಲ್ಲಿ ಆಡಿ ಸೋಲಲಿ, ಪರವಾಗಿಲ್ಲ.

ಇನ್ನು ಕೊನೆಯ ಮತ್ತು ಕಠಿಣವಾದ ಮಾತು. "ದುಡಿಯುವವನಿಗೆ ದುಡಿಮೆಯೇ ವ್ಯಾಯಾಮ" ಎಂಬುದು ನಿಜವೇ?

1956ರಲ್ಲಿ ಜಾನ್ ಮೇಯರ್ ಎಂಬ ಪೋಷಣ ವಿಜ್ಞಾನಿಯೂ ಅವರ ಭಾರತೀಯ ಜೊತೆಗಾರರೂ ಕಲ್ಕತ್ತೆಯ ಹತ್ತಿರದ ಚೆಂಗೈಲ್‌ನ ಸೆಣಬಿನ ಮಿಲ್ಲಿನಲ್ಲಿ 213 ಮಂದಿಯ ಊಟವನ್ನೂ ತೂಕವನ್ನೂ ಅಳೆದದ್ದನ್ನು ಪ್ರಕಟಿಸಿದರು. ಅದರಲ್ಲಿ ಮೂಟೆ ಹೊರುವ ಕೂಲಿಗಳಿದ್ದರು, ನೇಕಾರರಿದ್ದರು, ಗುಮಾಸ್ತರಿದ್ದರು, ಮಿಲ್ಲಿನ ಬಜಾರಿನಲ್ಲಿ ದಿನವೆಲ್ಲ ಕೂತಿರುವ ಅಂಗಡಿಯವರೂ ಇದ್ದರು. ಕೂತಿರುವವರು ಹಗುರ ಕೆಲಸದವರಿಗಿಂತ ಹೆಚ್ಚು ತಿನ್ನುತ್ತಿದ್ದರು, ಹೆಚ್ಚು ತೂಗುತ್ತಿದ್ದರು. ಅಂಗಡಿಬೀದಿಯ ಮಿತ್ರರು ನಗುತ್ತಿದ್ದೀರಿ! ಆದರೆ ಇಲ್ಲಿಯೂ ತಕ್ಕಡಿ ನೋಡಬೇಕು. ಅಂಗಡಿಯವನ ಕೈಯಲ್ಲಿ ದುಡ್ಡು ಸ್ವಲ್ಪ ಹೆಚ್ಚು ಇದ್ದಿರಬಹುದು; ಒಂದು ಸಲ ತೂಗಿದ್ದರಿಂದ ಯಾವುದು ಕಾರಣ ಯಾವುದು ಫಲ ಎಂಬುದು ತೀರ್ಮಾನವಾಗುವುದಿಲ್ಲ.

2021ರಲ್ಲಿ ಒಂದರ ಪಕ್ಕದಲ್ಲಿ ಒಂದಿರುವ ಎರಡು ದೇಶಗಳಿಂದ ಎರಡು ದೊಡ್ಡ ಲೆಕ್ಕಗಳು ಬಂದವು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಸುಮಾರು 1,04,000 ಜನರನ್ನು ಸುಮಾರು ಹತ್ತು ವರ್ಷ ಗಮನಿಸಿದರು. ಬಿಡುವಿನಲ್ಲಿ ಮೈ ಆಡಿಸುವವರಲ್ಲಿ ಹೃದಯಾಘಾತವೂ ಸಾವೂ ಕಡಿಮೆ. ಕೆಲಸದಲ್ಲಿ ಮೈ ಮುರಿಯುವವರಲ್ಲಿ ಎರಡೂ ಹೆಚ್ಚು. ನಾರ್ವೆಯಲ್ಲಿ 4,37,000ಕ್ಕೆ ಮೇಲ್ಪಟ್ಟ ಜನರ ಲೆಕ್ಕ ತೆಗೆದು, ಬೀಡಿ ಸಿಗರೇಟು, ಓದು, ವರಮಾನ ಇವುಗಳ ವ್ಯತ್ಯಾಸವನ್ನು ಕಳೆದು ನೋಡಿದರೆ, ಮೈ ಬಗ್ಗಿಸಿ ದುಡಿಯುವ ಗಂಡಸರ ಆಯುಸ್ಸು ಕೂತು ದುಡಿಯುವವರಿಗಿಂತ ಕಡಿಮೆಯಿರಲಿಲ್ಲ, ಸ್ವಲ್ಪ ಹೆಚ್ಚೇ ಇತ್ತು.

ಮೊದಲನೆಯ ಲೆಕ್ಕ ಮಾತ್ರ ಹಿಡಿದು ಗೇಟಿನ ಮುಂದೆ ನಿಂತು "ದುಡಿಮೆ ಕೊಲ್ಲುತ್ತದೆ" ಎಂದು ಕೂಗಿದರೆ ಚಪ್ಪಾಳೆ ಸಿಕ್ಕೀತು. ಎರಡನೆಯದು ಮಾತ್ರ ಹಿಡಿದರೆ ಮಾಲೀಕರಿಗೆ ಸಂತೋಷವಾದೀತು. ಇಬ್ಬರೂ ಮಾಡುವುದು ಒಂದೇ ತಟ್ಟೆಯ ತೂಕ. ನಮಗೆ ಅನುಕೂಲವಾದ ಮಾತನ್ನು ಪ್ರಶ್ನೆ ಕೇಳದೆ ಬಿಟ್ಟರೆ, ಡಬ್ಬಿ ಮಾರುವವನಿಗೂ ನಮಗೂ ಏನು ಭೇದ? ಭಾರದ ಕೆಲಸ ಮಾಡುವವನು ಬಡವನಾಗಿರುತ್ತಾನೆ, ಧೂಳಿನಲ್ಲಿರುತ್ತಾನೆ, ಅವನ ಊಟ, ಮನೆ, ನಿದ್ದೆ ಎಲ್ಲವೂ ಬೇರೆ. ಅವನ ಕಾಯಿಲೆಯಲ್ಲಿ ದುಡಿಮೆಯ ಪಾಲೆಷ್ಟು, ಬಡತನದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಆ ವಿವಾದ ಇನ್ನೂ ತೀರಿಲ್ಲ.

ಆದರೆ ಎರಡು ಲೆಕ್ಕಗಳ ನಡುವೆ ನಿಲ್ಲುವ ಕೆಲವು ಮಾತುಗಳಿವೆ. ಮೊದಲನೆಯದು, ದುಡಿಮೆಯೂ ವ್ಯಾಯಾಮವೂ ಒಂದೇ ವಸ್ತುವಲ್ಲ. ವ್ಯಾಯಾಮದಲ್ಲಿ ದಣಿದಾಗ ನಿಲ್ಲುವುದು ನಿಮ್ಮ ಇಷ್ಟ. ಯಂತ್ರದ ಮುಂದೆ ನಿಲ್ಲಿಸುವುದು ಸೀಟಿ. ಎಂಟು ಗಂಟೆ ಒಂದೇ ಭಂಗಿಯಲ್ಲಿ ನಿಂತರೆ ಸೊಂಟ ಸವೆಯುತ್ತದೆ, ಎದೆಗೆ ಬಲ ಬರುವುದಿಲ್ಲ. ಎರಡನೆಯದು, ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ಸಾವಿರ ದಂಡ ಹೊಡೆದರೂ ಔಷಧಿಯಾಗದು. ಧೂಳನ್ನೇ ಎಳೆದು ಹೊರಹಾಕಬೇಕು. ಮೂರನೆಯದು, ಬಿಡುವಿನಲ್ಲಿ ಮೈ ಆಡಿಸುವುದು ಒಳ್ಳೆಯದೆಂಬ ಮಾತು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ತಕ್ಕಡಿಗಳಲ್ಲಿ ಮತ್ತೆ ಮತ್ತೆ ತೂಗಿ ನಿಂತಿದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಎರಡು ದಿನ ಸ್ನಾಯುವಿಗೆ ಬಲ ಕೊಡುವ ಸಾಧನೆ, ಅಷ್ಟು ಆಗದಿದ್ದರೆ ಆದಷ್ಟು, ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದಕ್ಕೆ ಡಬ್ಬಿ ಬೇಡ, ಬೆಲ್ಟು ಬೇಡ. ಈ ಕೆಮ್ಮಣ್ಣು ಸಾಕು, ದಂಡ ಬಸ್ಕಿ ಸಾಕು, ಕಬಡ್ಡಿ ಸಾಕು, ಬಿರುಸಾದ ನಡಿಗೆ ಸಾಕು.

ಬೇಕಾದದ್ದು ಒಂದೇ, ಬಿಡುವು. ಅದನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಹನ್ನೆರಡು ಗಂಟೆ ದುಡಿದು ಬಂದವನಿಗೆ "ನಡೆಯಯ್ಯಾ" ಎಂದರೆ ಅದು ಉಪದೇಶವಲ್ಲ, ಗೇಲಿ. ದಿನಕ್ಕೆ ಎಂಟು ಗಂಟೆ ಕೆಲಸ ಎಂಬುದು 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊತ್ತಮೊದಲ ಒಪ್ಪಂದವಾಯಿತು. ಅದು ಬರಿ ಕೂಲಿಯ ಪ್ರಶ್ನೆಯಲ್ಲ, ಹೃದಯದ ಪ್ರಶ್ನೆಯೂ ಹೌದು. ಎಂಟು ಗಂಟೆಯಾಚೆಗೆ ನಿಮ್ಮಿಂದ ಕಿತ್ತುಕೊಂಡ ಪ್ರತಿಯೊಂದು ಗಂಟೆಯೂ ಈ ಗರಡಿಯಿಂದ ಕಿತ್ತುಕೊಂಡ ಗಂಟೆ. ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದ ಮುಂದೆ ಕೂರುವ ಮಿತ್ರರಿಗೂ ಇದು ಅನ್ವಯಿಸುತ್ತದೆ. ವಾರಕ್ಕೊಂದು ದಿನ ಬೀದಿಯವರೆಲ್ಲ ಒಟ್ಟಾಗಿ ಬಾಗಿಲು ಹಾಕಿದರೆ ಯಾರ ಗಿರಾಕಿಯೂ ಯಾರಿಗೂ ಹೋಗುವುದಿಲ್ಲ.

ಆದುದರಿಂದ ಮುಂದಿನ ಸಲ ಯಾರಾದರೂ ಮೈಯ ವಿಷಯದಲ್ಲಿ ಮಾತು ತಂದರೆ ನಾಲ್ಕು ಪ್ರಶ್ನೆ ಕೇಳಿ. ಯಾರೊಡನೆ ಹೋಲಿಸಿದಿರಿ? ಎಷ್ಟು ಮಂದಿಯನ್ನು ಎಣಿಸಿದಿರಿ, ಬಿಟ್ಟು ಹೋದವರನ್ನು ಎಣಿಸಿದಿರಾ? ಬೇರೆಯವರು ಮತ್ತೊಮ್ಮೆ ಮಾಡಿ ನೋಡಿದಾಗ ಹಾಗೆಯೇ ಆಯಿತೇ? ಈ ಮಾತನ್ನು ನಾನು ನಂಬಿದರೆ ದುಡ್ಡು ಯಾರ ಜೇಬಿಗೆ ಹೋಗುತ್ತದೆ? ನಾಲ್ಕಕ್ಕೂ ನೇರ ಉತ್ತರ ಬಂದರೆ ಕೇಳಿ ನಡೆಯಿರಿ. ಬಾರದಿದ್ದರೆ ನಮಸ್ಕಾರ ಹೇಳಿ ಕಳುಹಿಸಿ. ಈ ಪ್ರಶ್ನೆಗಳನ್ನು ನನ್ನ ಮಾತಿಗೂ ಕೇಳಿ, ಪಕ್ಷದ ಮಾತಿಗೂ ಕೇಳಿ.

ಗರಡಿಯವರಿಗೆ ಒಂದು ಸಣ್ಣ ಸೂಚನೆ ಕೊಟ್ಟು ಮುಗಿಸುತ್ತೇನೆ. ಎರಡು ರೂಲು ಪುಸ್ತಕ ತಂದಿಡಿ. ಯಾರು ಯಾವ ದಿನ ಬಂದರು, ಏನು ಸಾಮು ಮಾಡಿದರು, ಯಾರಿಗೆ ಎಲ್ಲಿ ಪೆಟ್ಟಾಯಿತು, ಯಾರು ಯಾಕೆ ಬಿಟ್ಟರು ಎಂದು ಬರೆಯುತ್ತ ಬನ್ನಿ. ಮುಂದಿನ ವಾರ್ಷಿಕ ಸಭೆಯಲ್ಲಿ ಭಾಷಣಕ್ಕೆ ಹೊರಗಿನವರನ್ನು ಕರೆಯಬೇಡಿ. ಆ ಪುಸ್ತಕವನ್ನೇ ಓದಿ.